ಹೆಸರು ಮತ್ತು ಅದರ ಎಲ್ಲೆ

ಚನ್ನಪಟ್ಟಣದ ಮಗ್ಗುಲಿನ ದೊಡ್ಡಮಳೂರು ಅಪ್ರಮೇಯಸ್ವಾಮಿಯ ಊರು. ಅಪ್ರಮೇಯನೆಂದರೆ ಅಳತೆಗೆ ಸಿಕ್ಕದವನು. ದೇವರ ಮಾತು ಹಾಗಿರಲಿ, ಮನುಷ್ಯರು ಇಡುವ ಹೆಸರುಗಳಿಗೆಲ್ಲ ಒಂದು ಎಲ್ಲೆಯುಂಟು. 2007ರಲ್ಲಿ ಈ ಊರು ಹೊಸದಾಗಿ ರಚಿತವಾದ ರಾಮನಗರ ಜಿಲ್ಲೆಗೆ ಸೇರಿತು. 2025ರ ಮೇ ತಿಂಗಳಿನಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಡಲು ರಾಜ್ಯದ ಸಚಿವ ಸಂಪುಟವು ಒಪ್ಪಿತು. ಆದರೆ ಬೆಂಗಳೂರು ದಕ್ಷಿಣವೆಂಬ ಲೋಕಸಭಾ ಕ್ಷೇತ್ರವು ನಗರದೊಳಗಿನದು. ಅದೇ ಹೆಸರಿನ ತಾಲ್ಲೂಕು ಮತ್ತೊಂದು. ದೊಡ್ಡಮಳೂರಿನವರು ಲೋಕಸಭೆಗೆ ಮತ ನೀಡುವುದು ಬೆಂಗಳೂರು ಗ್ರಾಮಾಂತರ ಕ್ಷೇತ್ರದಲ್ಲಿ. ಹೆಸರು ಒಂದೇ ಆದರೂ ಅದನ್ನು ಯಾವ ಕಾಗದದ ಮೇಲೆ ಬರೆದಿದೆ ಎಂಬುದನ್ನು ಅರಿಯದೆ ಅರ್ಥವನ್ನು ನಿರ್ಣಯಿಸುವಂತಿಲ್ಲ.

ಬಿ.ಸಿ.ಎ. ತರಗತಿಗಳಿಗೆ ಕನ್ನಡ ಪಾಠ ಹೇಳುವ ನನಗೆ ಆ ವಿದ್ಯಾರ್ಥಿಗಳ ಇತರ ಕಷ್ಟಗಳೂ ಕಿವಿಗೆ ಬೀಳುತ್ತವೆ. ಜಾಲತಾಣಗಳ ಪ್ರೋಗ್ರಾಂ ಬರೆಯಲು ಕಲಿಯುವವರನ್ನು ಬಹುವಾಗಿ ಕಾಡುವುದು ಇದೇ ಎಲ್ಲೆಯ ಪ್ರಶ್ನೆ. ಅವರು ಅದನ್ನು ಸ್ಕೋಪ್ ಎನ್ನುತ್ತಾರೆ. ನಾವು ವ್ಯಾಪ್ತಿ ಎನ್ನೋಣ.

ಒಂದು ನಿದರ್ಶನವನ್ನು ನೋಡಿರಿ. ಚನ್ನಪಟ್ಟಣದ ಬೊಂಬೆಗಳನ್ನು ಮಾರುವ ಜಾಲತಾಣಕ್ಕಾಗಿ ವಿದ್ಯಾರ್ಥಿಯೊಬ್ಬನು ‘ಬೊಂಬೆ’ ಎಂಬ ಕ್ಲಾಸನ್ನು ರಚಿಸಿ, ಅದಕ್ಕೆ ‘ಬೆಲೆ’ ಎಂಬ ಗುಣವನ್ನು ಕೊಟ್ಟು, 100 ರೂಪಾಯಿ ಎಂದು ಬರೆದನೆನ್ನೋಣ. ರಿಯಾಯಿತಿಗಾಗಿ ಅದರೊಳಗೇ ಒಂದು ಮೆಥಡನ್ನು ಬರೆದು, ಅಲ್ಲಿ ಬೆಲೆಯನ್ನು 80 ಎಂದು ನಮೂದಿಸಿದನು. ಪ್ರೋಗ್ರಾಂ ಯಾವ ದೋಷವನ್ನೂ ತೋರದೆ ಓಡಿತು. ಪುಟದ ಮೇಲೆ ಮಾತ್ರ ಬೆಲೆ 100 ಆಗಿಯೇ ಉಳಿಯಿತು. ಪಿಎಚ್‌ಪಿಯಲ್ಲಿಯೂ ಪೈಥಾನಿನಲ್ಲಿಯೂ ಮೆಥಡಿನೊಳಗೆ ಬರಿಯ ‘ಬೆಲೆ’ಗೆ ಅಂಕಿ ಕೊಟ್ಟರೆ ಅದು ಬೊಂಬೆಯ ಬೆಲೆಯಲ್ಲ; ಆ ಮೆಥಡಿನೊಳಗೇ ಹುಟ್ಟಿ, ಅದು ಮುಗಿದೊಡನೆ ಅಳಿಯುವ ಹೊಸದೊಂದು ಹೆಸರು. ಬೊಂಬೆಯ ಬೆಲೆಯೇ ಬೇಕಾದರೆ ಪಿಎಚ್‌ಪಿಯಲ್ಲಿ ‘ದಿಸ್’ ಎಂಬ, ಪೈಥಾನಿನಲ್ಲಿ ರೂಢಿಯಂತೆ ‘ಸೆಲ್ಫ್’ ಎಂಬ ಪದದ ಮೂಲಕವೇ ಅದನ್ನು ಹೆಸರಿಸಬೇಕು.

ಯಂತ್ರವು ದೋಷವೆನ್ನದ ಈ ತಪ್ಪಿನ ಮುಂದೆ ವಿದ್ಯಾರ್ಥಿಯು ತನ್ನ ಬುದ್ಧಿಯನ್ನೇ ಶಂಕಿಸುತ್ತಾನೆ. ಕನ್ನಡ ಮಾಧ್ಯಮದಿಂದ ಬಂದವನಾದರಂತೂ ‘ಇದು ನಮ್ಮಂಥವರಿಗಲ್ಲ’ ಎಂದು ಕೈಚೆಲ್ಲುವುದುಂಟು. ಆದರೆ ಈ ವಿವೇಕವು ಅವನ ಮಾತೃಭಾಷೆಯಲ್ಲಿಯೇ ಇದೆ. ‘ರಾಮನು ತನ್ನ ಪುಸ್ತಕವನ್ನು ತಂದನು’ ಎಂದರೆ ಪುಸ್ತಕವು ರಾಮನದು. ‘ರಾಮನು ಅವನ ಪುಸ್ತಕವನ್ನು ತಂದನು’ ಎಂದರೆ ಬೇರೊಬ್ಬನದು. ಇಂಗ್ಲಿಷಿನ ‘ಹಿಸ್’ ಎಂಬ ಒಂದೇ ಪದ ಈ ಭೇದವನ್ನು ತೋರಲಾರದು. ‘ಸೆಲ್ಫ್’ ಎಂದರೆ ನಮ್ಮ ‘ತಾನು’. ಬರಿಯ ಬೆಲೆ ಎಲ್ಲಿಯದೋ ಆದೀತು. ‘ತನ್ನ ಬೆಲೆ’ ಎಂದಾಗ ಅದು ಆ ಬೊಂಬೆಯದೇ. ಇಷ್ಟನ್ನು ಹೇಳಿದರೆ ಹುಡುಗನಿಗೆ ಬಾಯಿಪಾಠದ ಅಗತ್ಯವಿಲ್ಲ. ಜಾವಾಸ್ಕ್ರಿಪ್ಟಿನ ‘ದಿಸ್’ ಮಾತ್ರ ಅನೇಕ ವೇಳೆ ‘ನಾನು’ ಎಂಬ ಪದದಂತೆ. ಆಡುವವರು ಯಾರೆಂಬುದರ ಮೇಲೆ ಅದರ ಅರ್ಥ ಬದಲಾಗುತ್ತದೆ.

ವ್ಯಾಪ್ತಿಯ ವಿಚಾರ ನಮ್ಮ ಶಾಸ್ತ್ರಕಾರರಿಗೂ ಹೊಸದಲ್ಲ. ಪಾಣಿನಿಯ ಮೂರನೆಯ ಅಧ್ಯಾಯದ ಮೊದಲ ಸೂತ್ರವು ಐದನೆಯ ಅಧ್ಯಾಯದ ಕೊನೆಯವರೆಗೂ ಅಧಿಕಾರ ನಡೆಸುತ್ತದೆ. ಮೇಲಿನ ಸೂತ್ರದ ಪದವನ್ನು ಕೆಳಗಿನ ಸೂತ್ರಗಳಿಗೆ ಎಳೆದುಕೊಳ್ಳುವ ಅನುವೃತ್ತಿಯೂ ಅಂಥದೇ. ಹೋಲಿಕೆ ಪೂರ್ಣವಲ್ಲವೆಂಬುದು ನಿಜ. ಅನುವೃತ್ತಿ ಎಲ್ಲಿ ನಿಲ್ಲುವುದೆಂದು ತಿಳಿಸಲು ವ್ಯಾಖ್ಯಾನಕಾರರಿದ್ದಾರೆ, ಯಂತ್ರಕ್ಕೆ ವ್ಯಾಖ್ಯಾನಕಾರನಿಲ್ಲ. ಪಿಎಚ್‌ಪಿಯ ಸಾಮಾನ್ಯ ರೀತಿಯಲ್ಲಂತೂ ಬೇಡಿಕೆಯೊಂದು ಮುಗಿದಾಗ ಬೊಂಬೆಯೆಂಬ ವಸ್ತುವೂ ನೆನಪಿನಿಂದ ಮರೆಯಾಗುತ್ತದೆ. ಮುಂದಿನ ಪುಟಕ್ಕೆ ಅದರ ಬೆಲೆ ಬೇಕೆಂದರೆ ದತ್ತಾಂಶದ ಕಣಜದಲ್ಲಿ ಬರೆದಿಟ್ಟಿರಬೇಕು. ಇಂಥ ಭೇದಗಳನ್ನೂ ಹೇಳಿದಾಗಲೇ ಹೋಲಿಕೆಯಿಂದ ಪ್ರಯೋಜನ.

ಪಾರಿಭಾಷಿಕ ಪದಗಳೆಲ್ಲವೂ ಇಂಗ್ಲಿಷಿನವಾಗಿರುವಾಗ ಕನ್ನಡದ ವಿವರಣೆ ಏತಕ್ಕೆ ಎಂದು ಕೇಳುವವರಿದ್ದಾರೆ. ಪದಗಳನ್ನು ಬದಲಿಸಬೇಕೆಂದು ನಾನು ಹೇಳುತ್ತಿಲ್ಲ. ಕ್ಲಾಸು ಕ್ಲಾಸಾಗಿಯೇ, ಮೆಥಡು ಮೆಥಡಾಗಿಯೇ ಇರಲಿ. ನಾವು ಬಸ್ಸನ್ನೂ ರೈಲನ್ನೂ ಹಾಗೆಯೇ ಅರಗಿಸಿಕೊಂಡವರು. ಕನ್ನಡವಾಗಬೇಕಾದುದು ‘ಏಕೆ’ ಎಂಬ ಪ್ರಶ್ನೆಗೆ ಕೊಡುವ ಉತ್ತರ. ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯುವವನಿಗೂ ವಿಷಯ ತಲೆಗೆ ಹತ್ತುವುದು ತಾನು ಯೋಚಿಸುವ ಭಾಷೆಯಲ್ಲಿಯೇ.

ಕೇಶಿರಾಜನನ್ನೂ ಭಟ್ಟಾಕಳಂಕನನ್ನೂ ಪಾಠ ಹೇಳುವ ನಾವು ವ್ಯಾಕರಣವನ್ನು ಅಂಕಗಳಿಕೆಗೆ ಮೀಸಲಾದ ಗತಕಾಲದ ಸರಕೆಂದು ಭಾವಿಸಿದ್ದೇವೆ. ಹೆಸರಿಗೂ ಅದು ಸೂಚಿಸುವ ವಸ್ತುವಿಗೂ ಇರುವ ಸಂಬಂಧವನ್ನು ವಿಚಾರಿಸುವ ಶಾಸ್ತ್ರ ಇಂದಿನ ಪ್ರಯೋಗಾಲಯದಲ್ಲಿಯೂ ಜೀವಂತವಾಗಿದೆ. ಕನ್ನಡದ ಅಧ್ಯಾಪಕನೂ ಗಣಕಶಾಸ್ತ್ರದ ಅಧ್ಯಾಪಕನೂ ವರ್ಷಕ್ಕೆ ನಾಲ್ಕು ಗಂಟೆ ಒಂದೇ ತರಗತಿಯಲ್ಲಿ ನಿಂತು ಸರ್ವನಾಮವನ್ನೂ ವ್ಯಾಪ್ತಿಯನ್ನೂ ಜೊತೆಯಾಗಿ ಬೋಧಿಸುವುದು ದೊಡ್ಡ ವೆಚ್ಚದ ಕೆಲಸವಲ್ಲ. ಯಾವ ಕಾಲೇಜಾದರೂ ಮುಂದಿನ ಅರ್ಧವರ್ಷದಿಂದಲೇ ಇದನ್ನು ಪ್ರಾರಂಭಿಸಬಹುದು.