ಕೊಂಡಿ ಬಿಡದಿರಲಿ

ಪರೀಕ್ಷೆ ಹತ್ತಿರ ಬಂದಾಗ ಪ್ರಾರ್ಥನೆ ಹೆಚ್ಚುತ್ತದೆ. ಫಲಿತಾಂಶ ಕೈಕೊಟ್ಟರೆ ಸತ್ಯವೇದ ಕಪಾಟು ಸೇರುತ್ತದೆ. ಹುನಗುಂದ, ಬಾದಾಮಿ ಕಡೆಯಿಂದ ಬಾಗಲಕೋಟೆಯ ಕಾಲೇಜಿಗೆ ಬಸ್ಸು ಹಿಡಿಯುವ ಕ್ರೈಸ್ತ ವಿದ್ಯಾರ್ಥಿಗೆ ಮುಂಜಾನೆ ಐದು ನಿಮಿಷದ ಬಿಡುವೂ ಕಷ್ಟ. ಹಾಗಾದರೆ ನಂಬಿಕೆ ಸ್ಥಿರವಾಗಿ ನಿಲ್ಲುವುದು ಹೇಗೆ?

ಇಳಕಲ್ ಸೀರೆಯನ್ನು ನೋಡಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಇವೆರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಒಂದೊಂದು ಕೊಂಡಿಯೂ ಬಹಳ ಸಣ್ಣದು; ಆದರೆ ಸೆರಗು ನಿಂತಿರುವುದು ಅವುಗಳ ಬಲದಿಂದಲೇ. ದಿನನಿತ್ಯದ ಪ್ರಾರ್ಥನೆಯೂ ಹಾಗೆಯೇ.

ಬಾದಾಮಿಯ ನೆರೆಯಲ್ಲಿರುವ ನೇಕಾರರ ಊರು ಗುಳೇದಗುಡ್ಡ. ಬಾಸೆಲ್ ಮಿಶನ್ ಅಲ್ಲಿ ನೆಲೆಯೂರಿದ್ದು 1851ರಲ್ಲಿ. 1914ರಲ್ಲಿ ಮಹಾಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರಕಾರ ಮಿಶನ್ನಿನ ಜರ್ಮನ್ ಪಾದ್ರಿಗಳನ್ನು ಬಂಧನದಲ್ಲಿಟ್ಟು, ಆಮೇಲೆ ಸ್ವದೇಶಕ್ಕೆ ಕಳಿಸಿತು. ಆಸರೆಯಾಗಿದ್ದವರು ಹೋದರು, ಸಭೆ ಉಳಿಯಿತು. ಪಾದ್ರಿಗಳನ್ನಷ್ಟೇ ನೆಚ್ಚಿಕೊಂಡ ನಂಬಿಕೆಯಾಗಿದ್ದರೆ ಅದು ಅವರೊಡನೆಯೇ ಹೋಗುತ್ತಿತ್ತು.

ವಿದ್ಯಾರ್ಥಿಗಳೇ, ಅಂಕಗಳಿಗಾಗಿ ದೇವರೊಡನೆ ವ್ಯಾಪಾರ ಬೇಡ. ಬಸ್ಸಿನಲ್ಲಿ ಕುಳಿತು ಒಂದು ಕೀರ್ತನೆ ಓದಿ; ಮಲಗುವ ಮುನ್ನ ಎರಡು ಮಾತು ಕೃತಜ್ಞತೆ ಹೇಳಿ. ಅಷ್ಟು ಸಾಕು, ಆದರೆ ದಿನವೂ ಬೇಕು.

ತಂದೆತಾಯಿಗಳೇ, ಮಕ್ಕಳು ನಪಾಸಾದ ದಿನ 'ನಿನ್ನ ಪ್ರಾರ್ಥನೆ ಸಾಲದು' ಎಂದು ಚುಚ್ಚಬೇಡಿ. ಓದಿನಲ್ಲಿ ತಪ್ಪಿದ್ದೆಲ್ಲಿ ಎಂಬುದನ್ನು ಮರುದಿನ ನೋಡೋಣ. ಆ ರಾತ್ರಿ ಮಾತ್ರ ಮನೆಮಂದಿಯೆಲ್ಲ ಎಂದಿನಂತೆ ಕೂಡಿ ಕೈಮುಗಿಯಿರಿ. ಅಂಥ ದಿನ ಹಾಕಿದ ಕೊಂಡಿಯೇ ಬಹುಕಾಲ ಬಾಳುತ್ತದೆ.