ಆಟ ಕಲಿಸಿದ್ದೇನು, ನಾನು ಕಲಿಸಿದ್ದೇನು?

ಬೋಧನಾಭ್ಯಾಸಕ್ಕೆ ಹೋದ ನಮ್ಮಲ್ಲಿ ಬಹುತೇಕರ ಪಾಠಯೋಜನೆಯಲ್ಲಿ ‘ಆಟದ ಮೂಲಕ ಕಲಿಕೆ’ ಎಂಬ ಸಾಲು ಒಮ್ಮೆಯಾದರೂ ಬಂದಿರುತ್ತದೆ. ನನ್ನ ಯೋಜನೆಯಲ್ಲೂ ಬಂದಿತ್ತು. ಆ ಸಾಲನ್ನು ನಾನು ಧೈರ್ಯವಾಗಿಯೇ ಬರೆದಿದ್ದೆ. ಏಕೆಂದರೆ ಒಂದು ಪರದೇಶದ ಲಿಪಿಯನ್ನೇ ಆಟವಾಡುತ್ತ ಕಲಿತವಳು ನಾನು. ಅದೇ ಧೈರ್ಯ 9ನೇ ತರಗತಿಯ ಮಕ್ಕಳ ಮುಂದೆ ಕೈಕೊಟ್ಟಿತು. ಈ ಎರಡು ಅನುಭವಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ತಿಳಿದದ್ದನ್ನು ಸಹ ಪ್ರಶಿಕ್ಷಣಾರ್ಥಿಗಳ ಮತ್ತು ಗುರುಗಳ ಮುಂದಿಡುತ್ತಿದ್ದೇನೆ.

ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ದೊಡ್ಡಪ್ಪನ ಮಗ, ನಮ್ಮಣ್ಣ, ಹೊಸ ಫೋನು ಕೊಂಡು ತನ್ನ ಹಳೆಯ ಐಫೋನನ್ನು ನನಗೆ ಕೊಟ್ಟ. ಅದರಲ್ಲಿ ‘ಮಿಕು ಫ್ಲಿಕ್’ ಎಂಬ ಆಟ ಉಳಿದಿತ್ತು. ಜಪಾನಿನ ಸೆಗಾ ಕಂಪನಿ 2012ರಲ್ಲಿ ಹೊರತಂದ ತಾಳದ ಆಟ ಅದು. ಹಾಡುವವಳು ಹಾತ್ಸುನೆ ಮಿಕು. ಈಕೆ ನಿಜವಾದ ಗಾಯಕಿಯಲ್ಲ. ಸಪ್ಪೊರೊ ನಗರದ ಕ್ರಿಪ್ಟನ್ ಫ್ಯೂಚರ್ ಮೀಡಿಯಾ ಎಂಬ ಸಂಸ್ಥೆ 2007ರಲ್ಲಿ ಬಿಡುಗಡೆ ಮಾಡಿದ, ಯಮಾಹಾದ ವೊಕಲಾಯ್ಡ್ ತಂತ್ರಜ್ಞಾನದಲ್ಲಿ ಹಾಡುವ ಕಂಪ್ಯೂಟರ್ ದನಿ. ಆ ತಂತ್ರಾಂಶದಲ್ಲಿ ಹಾಡು ಕಟ್ಟುವವರು ಒಂದೊಂದು ಸ್ವರದ ಮೇಲೂ ಒಂದೊಂದು ಜಪಾನೀ ಅಕ್ಷರ ಇಡುತ್ತಾರೆ. ಮಿಕು ಅದನ್ನು ಹಾಡುತ್ತಾಳೆ. ಆಟ ಇದನ್ನೇ ತಿರುಗಿಸಿದೆ: ಮಿಕು ಹಾಡುವಾಗ ಆಡುವವರು ಆ ಅಕ್ಷರವನ್ನು ತಾಳಕ್ಕೆ ಸರಿಯಾಗಿ ಬೆರಳಿನಿಂದ ಹಾಕಬೇಕು.

ಹಾಕುವ ಕ್ರಮ ಹೀಗಿದೆ. ಜಪಾನಿನವರು ಮೊಬೈಲಿನಲ್ಲಿ ಬಳಸುವ ಕೀಲಿಮಣೆಯಲ್ಲಿ ಅ, ಕ, ಸ, ತ, ನ, ಹ, ಮ, ಯ, ರ, ವ ಎಂಬ ಹತ್ತು ಅಕ್ಷರದ ಕೀಲಿಗಳಿರುತ್ತವೆ. ‘ಕ’ ಕೀಲಿಯನ್ನು ಸುಮ್ಮನೆ ಒತ್ತಿದರೆ ಕ. ಅಲ್ಲಿಂದ ಬೆರಳನ್ನು ಎಡಕ್ಕೆ ಜಾರಿಸಿದರೆ ಕಿ, ಮೇಲಕ್ಕೆ ಕು, ಬಲಕ್ಕೆ ಕೆ, ಕೆಳಕ್ಕೆ ಕೊ. ಉಳಿದ ಬಹುತೇಕ ಸಾಲುಗಳಿಗೂ ದಿಕ್ಕಿನ ನಿಯಮ ಇದೇ. ಮೊದಲ ದಿನ ನಾನು ಒಂದಕ್ಷರವನ್ನೂ ಗುರುತಿಸಲಾರದೆ ಸೋತೆ. ಅದೇ ಹಾಡನ್ನು ಎಷ್ಟು ಸಲ ಆಡಿದೆನೋ ಲೆಕ್ಕವಿಲ್ಲ. ಎರಡು ತಿಂಗಳಲ್ಲಿ ಹಿರಗಾನ ಲಿಪಿಯ 46 ಮೂಲ ಅಕ್ಷರಗಳನ್ನೂ ನೋಡಿದ ತಕ್ಷಣ ಓದುವಂತಾದೆ. ಯಾವ ಪುಸ್ತಕವನ್ನೂ ತೆರೆದಿರಲಿಲ್ಲ.

ಇದು ಹೇಗೆ ಸಾಧ್ಯವಾಯಿತು? ‘ಆಟ ಎಂದರೆ ಆಸಕ್ತಿ, ಆಸಕ್ತಿಯಿಂದ ಕಲಿಕೆ’ ಎಂದು ಆಗ ನಾನೂ ಹೇಳುತ್ತಿದ್ದೆ. ಬಿ.ಎಡ್.ಗೆ ಬಂದ ಮೇಲೆ ಆ ಉತ್ತರ ಸಾಲದು ಅನಿಸಿದೆ. ಬೇರೆ ಕಾರಣಗಳು ಮೂರಿವೆ.

ಮೊದಲನೆಯದು, ಅಕ್ಷರಗಳ ಜೋಡಣೆ. ಮೇಲಿನ ಹತ್ತು ಕೀಲಿಗಳನ್ನು ಇನ್ನೊಮ್ಮೆ ಓದಿ. ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ವರ್ಣಮಾಲೆಯ ಕ, ಚ, ತ, ನ, ಪ, ಮ, ಯ, ರ, ವ ಇದರಲ್ಲಿ ಕಾಣಿಸುವುದಿಲ್ಲವೇ? ಇದು ಆಕಸ್ಮಿಕವಲ್ಲ. ಬೌದ್ಧ ಭಿಕ್ಷುಗಳು ಸಂಸ್ಕೃತ ಮಂತ್ರಗಳಿಗಾಗಿ ಸಿದ್ಧಂ ಲಿಪಿಯನ್ನೂ ಭಾರತದ ಧ್ವನಿಶಾಸ್ತ್ರವನ್ನೂ ಅಭ್ಯಾಸ ಮಾಡಿದ ದಾರಿಯಲ್ಲಿ ಈ ಕ್ರಮ ಜಪಾನಿಗೆ ಹೋಯಿತು. ಅವರ ‘ಹ’ ಸಾಲು ಹಿಂದೆ ‘ಪ’ ಆಗಿ ಉಚ್ಚಾರವಾಗುತ್ತಿತ್ತು, ಆದ್ದರಿಂದಲೇ ಅದು ಪ ವರ್ಗದ ಜಾಗದಲ್ಲಿ ಕೂತಿದೆ. ಸ್ವರಗಳದ್ದೂ ಅ, ಇ, ಉ, ಎ, ಒ ಎಂಬ ನಮ್ಮದೇ ಕ್ರಮ. ಅಂದರೆ ಆ ಕೀಲಿಮಣೆ ಒಂದು ಕಾಗುಣಿತದ ಪಟ್ಟಿ. ವ್ಯತ್ಯಾಸವೊಂದಿದೆ. ಕನ್ನಡದಲ್ಲಿ ಕ, ಕಿ, ಕು ಬರೆದರೆ ಮೂರರಲ್ಲೂ ‘ಕ’ ಕಣ್ಣಿಗೆ ಕಾಣುತ್ತದೆ. ಹಿರಗಾನದಲ್ಲಿ ಈ ಮೂರಕ್ಕೂ ರೂಪದಲ್ಲಿ ಸಂಬಂಧವೇ ಇಲ್ಲ. ಒಂದೊಂದೂ ಬೇರೆ ಬೇರೆ ಚೀನೀ ಅಕ್ಷರವನ್ನು ಬೇಗಬೇಗ ಬರೆಯುತ್ತ ಬರೆಯುತ್ತ ಸವೆದು ಬಂದ ರೂಪ. ಬರವಣಿಗೆ ತೋರಿಸದ ಆ ಸಂಬಂಧವನ್ನು ಕೀಲಿಮಣೆ ಬೆರಳಿಗೆ ತೋರಿಸುತ್ತದೆ. ಕಾಗುಣಿತ ಹೇಳಿ ಬೆಳೆದ ನನಗೆ ಅರ್ಧ ಕೆಲಸ ಮೊದಲೇ ಮುಗಿದಿತ್ತು. ಪೂರ್ವಜ್ಞಾನದ ಮೇಲೆ ಹೊಸದನ್ನು ಕಟ್ಟಬೇಕು ಎಂದು ನಾವು ಓದುವುದು ಇದನ್ನೇ.

ಎರಡನೆಯದು, ತಾಳ. ಜಪಾನೀ ಭಾಷೆಯಲ್ಲಿ ಸಾಮಾನ್ಯವಾಗಿ ಒಂದು ಕಾನಾ ಅಕ್ಷರಕ್ಕೆ ಒಂದು ಬಡಿತ. ನಾವು ‘ಟೋಕ್ಯೋ’ ಎಂದು ಎರಡಕ್ಷರದಲ್ಲಿ ಮುಗಿಸುತ್ತೇವೆ. ಅವರಿಗೆ ಅದು ತೊ–ಒ–ಕ್ಯೊ–ಒ ಎಂದು ನಾಲ್ಕು ಬಡಿತ. ‘ನಿಪ್ಪೊನ್’ ಎಂಬುದೂ ನಾಲ್ಕೇ: ನಿ, ಒಂದು ತಡೆ, ಪೊ, ನ್. ಕೊನೆಯ ‘ನ್’ಗೆ ಸ್ವಂತ ಅಕ್ಷರವಿದೆ, ಸ್ವಂತ ಬಡಿತವಿದೆ. ನಮ್ಮ ಛಂದಸ್ಸಿನಲ್ಲಿ ಗುರು ಲಘು ಹಾಕಿದರೂ ‘ಟೋಕ್ಯೋ’ ಮತ್ತು ‘ನಿಪ್ಪೊನ್’ ಎರಡಕ್ಕೂ ನಾಲ್ಕು ಮಾತ್ರೆಗಳೇ ಬರುತ್ತವೆ. ನಾವು ಮಾತ್ರೆಯನ್ನು ಲೆಕ್ಕ ಹಾಕಿ ಹುಡುಕುತ್ತೇವೆ. ಅವರ ಲಿಪಿ ಮಾತ್ರೆಗೊಂದು ಅಕ್ಷರದಂತೆ ಬರೆದೇ ಇಟ್ಟಿದೆ. ‘ಕ್ಯೊ’ದಂಥ ಕಡೆ ಮಾತ್ರ ಒಂದು ದೊಡ್ಡಕ್ಷರ, ಒಂದು ಪುಟ್ಟಕ್ಷರ ಸೇರಿ ಒಂದು ಬಡಿತವಾಗುತ್ತದೆ. ಹಾಗಾಗಿ ತಾಳಕ್ಕೆ ತಕ್ಕಂತೆ ಅಕ್ಷರ ಹಾಕುವುದೆಂದರೆ ಆ ಭಾಷೆಯ ಉಚ್ಚಾರಣೆಯನ್ನೂ ಜೊತೆಯಲ್ಲೇ ಕಲಿತಂತೆ. ಆಟ ಮಾಡಿದವರು ತಾಳವನ್ನು ಹೊರಗಿನಿಂದ ತಂದು ಅಂಟಿಸಿಲ್ಲ. ಅದು ಆ ಲಿಪಿಯೊಳಗೇ ಇತ್ತು.

ಮೂರನೆಯದು, ತಪ್ಪು ತಿಳಿಯುವ ರೀತಿ. ಹಿರಗಾನದಲ್ಲಿ ‘ನು’ ಮತ್ತು ‘ಮೆ’ ಅವಳಿಗಳಂತಿವೆ. ‘ನೆ’, ‘ರೆ’, ‘ವ’ ಮೂರೂ ಅಣ್ಣತಮ್ಮಂದಿರು. ನಾನು ‘ನು’ ಬಂದಾಗಲೆಲ್ಲ ‘ಮ’ ಕೀಲಿಗೆ ಬೆರಳಿಡುತ್ತಿದ್ದೆ. ಆ ಕ್ಷಣದಲ್ಲೇ ತಪ್ಪೆಂದು ಗೊತ್ತಾಗುತ್ತಿತ್ತು, ಅದು ನನಗೊಬ್ಬಳಿಗೇ ಗೊತ್ತಾಗುತ್ತಿತ್ತು, ಮರುಕ್ಷಣ ಮುಂದಿನ ಅಕ್ಷರ ಬರುತ್ತಿತ್ತು. ಯಾರೂ ನಗಲಿಲ್ಲ, ಯಾರೂ ‘ಇಷ್ಟೂ ಬರಲ್ವಾ’ ಎನ್ನಲಿಲ್ಲ. ತಕ್ಷಣದ ಹಿಮ್ಮಾಹಿತಿಯ ಬಗ್ಗೆ ಸ್ಕಿನ್ನರ್ ಹೇಳಿದ್ದನ್ನು ಪರೀಕ್ಷೆಗೆ ಓದುವಾಗ ನನಗೆ ನೆನಪಾದದ್ದು ಆ ‘ನು’ ಅಕ್ಷರ.

ಇಷ್ಟಕ್ಕೇ ನಿಲ್ಲಿಸಿದರೆ ಇದು ಆಟದ ಜಾಹೀರಾತಾಗುತ್ತದೆ. ಆಟ ಕಲಿಸದೆ ಬಿಟ್ಟದ್ದನ್ನೂ ಹೇಳಬೇಕು.

ಒಂದು ದಿನ ಬಿಳಿ ಹಾಳೆ ತೆಗೆದುಕೊಂಡು, ಏನನ್ನೂ ನೋಡದೆ 46 ಅಕ್ಷರಗಳನ್ನೂ ಬರೆಯಲು ಕೂತೆ. 19 ಬಂದವು. ‘ನು’ ಎಂದರೆ ‘ನ’ ಕೀಲಿಯಿಂದ ಮೇಲಕ್ಕೆ ಎಂದು ಬೆರಳಿಗೆ ಗೊತ್ತು; ಗೆರೆಯನ್ನು ಎಲ್ಲಿಂದ ಶುರುಮಾಡಿ ಎಲ್ಲಿ ಸುತ್ತಬೇಕು ಎಂದು ಕೈಗೆ ಗೊತ್ತಿಲ್ಲ. ಆಟದಲ್ಲಿ ನಾನು ಗುರುತಿಸಿದ್ದೆನೇ ಹೊರತು ಒಮ್ಮೆಯೂ ಬರೆದಿರಲಿಲ್ಲ. ಆಮೇಲೆ ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆಯ ಎನ್5 ಹಂತದ, ಎಂದರೆ ಕೆಳಗಿನ ಹಂತದ, ಮಾದರಿ ಪ್ರಶ್ನೆಗಳನ್ನು ನೋಡಿದೆ. ಕಾನಾದಲ್ಲಿದ್ದದ್ದನ್ನು ಗಟ್ಟಿಯಾಗಿ ಓದಿದೆ. ಅರ್ಥ ಮಾತ್ರ ಸೊನ್ನೆ. ಆಟ ನನ್ನಿಂದ ಅರ್ಥವನ್ನು ಎಂದೂ ಕೇಳಿರಲಿಲ್ಲ. ಚೀನೀ ಮೂಲದ ಕಾಂಜಿ ಅಕ್ಷರಗಳ ಮುಂದಂತೂ ಈ ಉಪಾಯವೇ ನಡೆಯುವುದಿಲ್ಲ. ಸೂರ್ಯ ಅಥವಾ ದಿನ ಎಂಬರ್ಥದ ಒಂದೇ ಕಾಂಜಿಯನ್ನು ಸಂದರ್ಭ ನೋಡಿ ‘ಹಿ’ ಎಂದೋ ‘ನಿಚಿ’ ಎಂದೋ ‘ಜಿತ್ಸು’ ಎಂದೋ ಓದಬೇಕು. ಅಲ್ಲಿ ಒಂದಕ್ಷರಕ್ಕೆ ಒಂದು ಬಡಿತವೆಂಬ ಕಟ್ಟು ಮುರಿದುಹೋಗುತ್ತದೆ. ಕಾನಾ ಲಿಪಿಗೆ ಹೇಳಿ ಮಾಡಿಸಿದಂತಿದ್ದ ವಿಧಾನ ಅದೇ ಭಾಷೆಯ ಇನ್ನೊಂದು ಲಿಪಿಗೆ ಒಗ್ಗಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾನು ತರಗತಿಯಲ್ಲಿ ಮಾಡಿದ್ದೇನು? ಬೋಧನಾಭ್ಯಾಸದ ಎರಡನೇ ವಾರ ‘ಪರಮಾಣುಗಳು ಮತ್ತು ಅಣುಗಳು’ ಪಾಠ ಸಿಕ್ಕಿತು. ಧಾತುಗಳ ಸಂಕೇತ ಮತ್ತು ವೇಲೆನ್ಸಿಗಳನ್ನು ಚಪ್ಪಾಳೆಯ ತಾಳಕ್ಕೆ ಹಾಡಿಸಿದೆ. ‘ಸೋಡಿಯಂ ಎನ್‌ಎ ಒಂದು, ಕ್ಯಾಲ್ಸಿಯಂ ಸಿಎ ಎರಡು, ಅಲ್ಯೂಮಿನಿಯಂ ಎಎಲ್ ಮೂರು.’ ತರಗತಿ ಕುಣಿಯಿತು. ಪಕ್ಕದ ತರಗತಿಯ ಸರ್ ಬಂದು ಇಣುಕಿ ನೋಡಿದರು. ನನಗೆ ಬಹಳ ಸಂತೋಷವಾಗಿತ್ತು. ಪಾಠ ಮುಗಿಯುವ ಮುನ್ನ ಮೂರನೇ ಬೆಂಚಿನ ಹುಡುಗನನ್ನು ಎಬ್ಬಿಸಿ, ಕ್ಯಾಲ್ಸಿಯಂ ವೇಲೆನ್ಸಿ ಎಷ್ಟು ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನೆ ನಿಂತು, “ಮಿಸ್, ಚಪ್ಪಾಳೆ ಹೊಡೀದೆ ಕೇಳಿದ್ರೆ ಬರಲ್ಲ ಮಿಸ್” ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಹಿಂದೆ ಕೂತು ವೀಕ್ಷಿಸುತ್ತಿದ್ದ ನಮ್ಮ ವಿಧಾನದ ಮೇಡಂ ನಗಲಿಲ್ಲ. ವೀಕ್ಷಣಾ ಪುಸ್ತಕದಲ್ಲಿ ಅವರು ಬರೆದದ್ದು ಎರಡೇ ಸಾಲು: “ಉತ್ತರ ಸಾಮೂಹಿಕವಾಗಿತ್ತು. ಯಾರು ಕಲಿತರು?”

ಆ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಆ ಹುಡುಗ ಹಾಡುವಾಗ ತುಟಿ ಅಲ್ಲಾಡಿಸುತ್ತಿದ್ದುದನ್ನು ನಾನು ನೋಡಿದ್ದೆ, ಅದನ್ನೇ ಕಲಿಕೆ ಎಂದುಕೊಂಡಿದ್ದೆ. ಮಿಕು ಆಟದಿಂದ ನಾನು ತಾಳವನ್ನಷ್ಟೇ ಎತ್ತಿಕೊಂಡು ಬಂದಿದ್ದೆ. ಧಾತುವಿನ ಸಂಕೇತಕ್ಕೂ ವೇಲೆನ್ಸಿಗೂ ತಾಳದ ಸಂಬಂಧವಿಲ್ಲ. ಎಲ್ಲರೂ ಒಟ್ಟಿಗೆ ಕೂಗುವಾಗ ಒಬ್ಬರ ತಪ್ಪು ಇನ್ನೊಬ್ಬರ ದನಿಯಲ್ಲಿ ಮುಚ್ಚಿಹೋಗುತ್ತದೆ. ಅದು ನನಗೂ ತಿಳಿಯುವುದಿಲ್ಲ, ಆ ಮಗುವಿಗೂ ತಿಳಿಯುವುದಿಲ್ಲ. ಕೊನೆಗೆ ತಿಳಿದದ್ದು ಅವನೊಬ್ಬನನ್ನೇ ಎಲ್ಲರೆದುರು ನಿಲ್ಲಿಸಿದಾಗ. ನನ್ನ ತಪ್ಪುಗಳು ನನಗೊಬ್ಬಳಿಗೇ ಕಂಡಿದ್ದವು; ಅವನದು ಇಡೀ ತರಗತಿಗೆ ಕಂಡಿತು.

‘ಮಕ್ಕಳು ಖುಷಿಯಾಗಿದ್ದರಲ್ಲ, ಪ್ರಶಿಕ್ಷಣಾರ್ಥಿಗೆ ಅಷ್ಟು ಸಾಲದೇ?’ ಎಂದು ಗೆಳತಿಯರು ಸಮಾಧಾನ ಹೇಳಿದರು. ಖುಷಿ ಬೇಡವೆಂದು ನಾನು ಹೇಳುವುದಿಲ್ಲ. ಮಿಕುವಿನ ಹಾಡು ಹಿಡಿಸದಿದ್ದರೆ ನಾನು ಎರಡನೇ ದಿನವೇ ಆಟ ಬಿಡುತ್ತಿದ್ದೆ. ಖುಷಿ ಒಂದು ಕೆಲಸವನ್ನು ಮತ್ತೆ ಮತ್ತೆ ಮಾಡಿಸುತ್ತದೆ. ಮತ್ತೆ ಮತ್ತೆ ಏನು ಮಾಡುತ್ತೇವೋ ಅದನ್ನೇ ಕಲಿಯುತ್ತೇವೆ. ನಾನು ಅಕ್ಷರ ಗುರುತಿಸುತ್ತಿದ್ದೆ, ಗುರುತಿಸುವುದನ್ನು ಕಲಿತೆ. ಬರೆಯಲಿಲ್ಲ, ಬರೆಯುವುದನ್ನು ಕಲಿಯಲಿಲ್ಲ. ನನ್ನ ವಿದ್ಯಾರ್ಥಿಗಳು ಚಪ್ಪಾಳೆ ಹೊಡೆದರು, ಚಪ್ಪಾಳೆಯನ್ನು ಚೆನ್ನಾಗಿ ಕಲಿತರು.

ಆದ್ದರಿಂದ ಪಾಠಯೋಜನೆಯಲ್ಲಿ ‘ಆಟ’ ಎಂದು ಬರೆಯುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯೋಣ ಎಂಬುದು ನನ್ನ ಸಲಹೆ. ಒಂದು, ಆಟದ ನಡುವೆ ಮಗು ನಿಜವಾಗಿ ಮಾಡುವ ಕೆಲಸ ಯಾವುದು, ಕಲಿಯಬೇಕಾದ ಕೆಲಸವೂ ಅದೇನಾ? ಎರಡು, ತಪ್ಪಾದರೆ ಅದು ಆ ಮಗುವಿಗೆ ಆಗಲೇ, ಅವಮಾನವಿಲ್ಲದೆ ತಿಳಿಯುತ್ತದೆಯೇ? ಮೂರು, ಈ ಆಟ ಏನನ್ನು ಕಲಿಸುವುದಿಲ್ಲ, ಅದನ್ನು ಯಾವ ಹಂತದಲ್ಲಿ ಬೇರೆಯಾಗಿ ಕಲಿಸುತ್ತೇನೆ? ನಮ್ಮ ಗುರುಗಳು ಯೋಜನೆಗೆ ಸಹಿ ಹಾಕುವ ಮುನ್ನ ಈ ಮೂರನ್ನು ಕೇಳಿದರೆ ನಮ್ಮ ಎಷ್ಟೋ ಹಾಡು, ಚೀಟಿ, ರಸಪ್ರಶ್ನೆಗಳು ಯೋಜನೆಯಲ್ಲೇ ತಿದ್ದಿಹೋಗುತ್ತವೆ. ಮಕ್ಕಳ ಅವಧಿ ಉಳಿಯುತ್ತದೆ.

ಮುಂದಿನ ವಾರ ಅದೇ ತರಗತಿಗೆ ರಟ್ಟಿನ ಪಟ್ಟಿಗಳನ್ನು ಕತ್ತರಿಸಿಕೊಂಡು ಹೋದೆ. ವೇಲೆನ್ಸಿ ಒಂದಕ್ಕೆ 2 ಸೆಂ.ಮೀ., ಎರಡಕ್ಕೆ 4, ಮೂರಕ್ಕೆ 6. ಲೋಹದ ಪಟ್ಟಿಗಳು ಮೇಲಿನ ಸಾಲು, ಅಲೋಹದ ಪಟ್ಟಿಗಳು ಕೆಳಗಿನ ಸಾಲು. ಎರಡೂ ಸಾಲು ಸಮ ಬರುವವರೆಗೆ ಜೋಡಿಸಬೇಕು. ಅಲ್ಯೂಮಿನಿಯಂ ಪಟ್ಟಿ ಎರಡು, ಆಕ್ಸಿಜನ್ ಪಟ್ಟಿ ಮೂರು ಇಟ್ಟಾಗ 12 ಸೆಂ.ಮೀ.ಗೆ ಸರಿಹೊಂದಿತು. ಆ ಎರಡು, ಮೂರು ಎಂಬುದೇ ಅಲ್ಯೂಮಿನಿಯಂ ಆಕ್ಸೈಡ್ ಸೂತ್ರದ ಸಂಖ್ಯೆಗಳು. ಅಂಚು ಸರಿಹೊಂದದಿದ್ದರೆ ಯಾರೂ ಹೇಳಬೇಕಿಲ್ಲ, ಮಗುವಿಗೇ ಕಾಣುತ್ತದೆ. ಗಲಾಟೆ ಹೆಚ್ಚಾಯಿತು, ಗಂಟೆ ಹೊಡೆದು ಮೌಲ್ಯಮಾಪನದ ಹಂತ ಉಳಿದೇಹೋಯಿತು, ಅದಕ್ಕೂ ಮೇಡಂ ಟಿಪ್ಪಣಿ ಬರೆದರು. ಪಟ್ಟಿಗಳು ಸಂಕೇತಗಳನ್ನು ಕಲಿಸುವುದಿಲ್ಲ. ಅವನ್ನು ಮರುದಿನ ಬರೆಸಿಯೇ ಕಲಿಸಬೇಕಾಯಿತು. ಆದರೆ ಮೂರನೇ ಬೆಂಚಿನ ಹುಡುಗ ಗಂಟೆ ಹೊಡೆದ ಮೇಲೂ ಕ್ಯಾಲ್ಸಿಯಂಗೆ ಕ್ಲೋರಿನ್ ಪಟ್ಟಿ ಎರಡು ಬೇಕೆಂದು ಪಕ್ಕದವನ ಹತ್ತಿರ ಇನ್ನೊಂದನ್ನು ಕೇಳುತ್ತಿದ್ದ.

ನಾನೂ ಈಗ ಒಂದು ನಾಲ್ಕು ಗೆರೆ ಪುಸ್ತಕ ಕೊಂಡಿದ್ದೇನೆ. ದಿನಕ್ಕೆ ಐದು ಹಿರಗಾನ ಅಕ್ಷರ ಬರೆಯುತ್ತಿದ್ದೇನೆ. ಮೊನ್ನೆ ‘ನು’ ಸುತ್ತು ಸರಿಯಾಗಿ ಬಂತು.