ಲೂಯಿಸರ ಎರಡು ಗ್ರಂಥಗಳು ಮತ್ತು ಅದರ್ಶನ ಪರೀಷಹ

ಕ್ರೈಸ್ತ ಮತಸಮರ್ಥನೆಯ ಗ್ರಂಥಗಳನ್ನು ಬರಿಯ ಪ್ರಚಾರವೆಂದು ಬದಿಗಿಡುವ ಸಾಹಿತ್ಯಾಭ್ಯಾಸಿಗಳು ಸಿ. ಎಸ್. ಲೂಯಿಸರ ಎರಡು ಕೃತಿಗಳನ್ನು ಜೊತೆಯಾಗಿ ಓದಬೇಕು. 1940ರ ‘ದಿ ಪ್ರಾಬ್ಲಮ್ ಆಫ್ ಪೇನ್’ ಆಧುನಿಕ ಸಂಶಯವಾದಿಗೆ ಕೊಟ್ಟ ಉತ್ತರ. ದೇವರು ಕರುಣಾಳುವೂ ಸರ್ವಶಕ್ತನೂ ಆಗಿದ್ದರೆ ಜೀವಿಗಳಿಗೆ ದುಃಖವೇಕೆ ಎಂಬುದು ಅಲ್ಲಿಯ ಪ್ರಶ್ನೆ. ವಾದವೇನೋ ಅಚ್ಚುಕಟ್ಟು, ಮನಸ್ಸು ಕರಗುವುದಿಲ್ಲ. 1960ರಲ್ಲಿ ಪತ್ನಿ ಜಾಯ್ ಡೇವಿಡ್‌ಮನ್ ಕ್ಯಾನ್ಸರಿನಿಂದ ತೀರಿಕೊಂಡರು. ಆ ಶೋಕದಲ್ಲಿ ಬರೆದ ‘ಎ ಗ್ರೀಫ್ ಅಬ್ಸರ್ವ್ಡ್’ ಮರುವರ್ಷ ಎನ್. ಡಬ್ಲ್ಯು. ಕ್ಲರ್ಕ್ ಎಂಬ ಗುಪ್ತನಾಮದಲ್ಲಿ ಹೊರಬಂದಿತು. ದೇವರು ಇಲ್ಲವೆಂಬುದಕ್ಕಿಂತ, ಇರುವ ದೇವರು ಕ್ರೂರಿಯಾಗಿರಬಹುದೇ ಎಂಬ ಭಯ ಅಲ್ಲಿ ಅವರನ್ನು ಕಾಡುತ್ತದೆ.

ಇದನ್ನು ಮೊದಲ ಗ್ರಂಥದ ಖಂಡನೆಯೆಂದು ಬಗೆಯುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಸೃಷ್ಟಿಕರ್ತನನ್ನು ಒಪ್ಪದ ಜೈನದರ್ಶನದಲ್ಲಿ ಲೂಯಿಸರ ಪ್ರಶ್ನೆಯೇ ಹುಟ್ಟುವುದಿಲ್ಲ, ನಿಜ. ಆದರೆ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಎಣಿಸುವ 22 ಪರೀಷಹಗಳಲ್ಲಿ ಕಡೆಯದು ‘ಅದರ್ಶನ’. ಚಿರಕಾಲ ತಪಸ್ಸು ಮಾಡಿಯೂ ಜ್ಞಾನಾತಿಶಯ ಉಂಟಾಗದಿದ್ದಾಗ, ಈ ದೀಕ್ಷೆ ವ್ಯರ್ಥವೇನೋ ಎಂದು ಮುನಿಗೆ ಬರಬಹುದಾದ ಅನುಮಾನವದು. ಪೂಜ್ಯಪಾದರ ಸರ್ವಾರ್ಥಸಿದ್ಧಿಯ ವಿವರಣೆಯ ತಿರುಳು ಇದು. ಹಸಿವು, ಬಾಯಾರಿಕೆ, ಚಳಿಗಳ ಸಾಲಿನಲ್ಲಿಯೇ ಸಂಶಯವೂ ಸಹಿಸಿ ದಾಟತಕ್ಕ ಬಾಧೆಯಾಗಿ ನಿಂತಿದೆ. (ತರ್ಕದಿಂದ ಪರೀಕ್ಷಿಸುವ ಸಮಂತಭದ್ರರ ಆಪ್ತಮೀಮಾಂಸೆಯೂ ನಮ್ಮಲ್ಲಿದೆಯೆನ್ನಿ.) ಮನೆಯಲ್ಲಿದ್ದ ಖಾಲಿ ಪುಸ್ತಕಗಳನ್ನು ತುಂಬಿಸುತ್ತ ಹೋದ ಲೂಯಿಸರು ಮಾಡಿದ್ದೂ ಇಂಥ ಸಹನವನ್ನೇ. ನಾಲ್ಕನೆಯ ಭಾಗಕ್ಕೆ ಬರುವಾಗಲೂ ಅವರ ಪ್ರಶ್ನೆಗಳಿಗೆ ಉತ್ತರ ದೊರೆತಿಲ್ಲ, ಶ್ರದ್ಧೆ ಉಳಿದಿದೆ.